ಆರು ಜನದ ತೆಪ್ಪ

ಗಂಜಾಂ, ಶ್ರೀರಂಗಪಟ್ಟಣ
12-11-2025

ಪ್ರೀತಿಯ ಸಹನಕ್ಕಾ,

ನಿನ್ನ ಸೊಂಟದ ನೋವು ಹೇಗಿದೆ? ಅತ್ತೆಯವರ ಕೆಮ್ಮು ಇಳಿಯಿತೇ? ಇಲ್ಲಿ ಅಪ್ಪ, ಅವ್ವ ಚೆನ್ನಾಗಿದ್ದಾರೆ. ಫೋನು ಮಾಡಿದರೆ ಭಾವ ಸ್ಪೀಕರಿಗೆ ಹಾಕುತ್ತಾರೆ, ನಾಗಮಂಗಲದ ಇಡೀ ಮನೆ ಕೇಳುತ್ತದೆ. ಅದಕ್ಕೇ ಈ ಕಾಗದ.

ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ಸಿದ್ದರಾಜು ಮಾವನ ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದೇನೆ. ಈ ದಡದಿಂದ ಆ ದಡ, ಆ ದಡದಿಂದ ಈ ದಡ. ಹರಿಯುವ ಹೊಳೆಯ ಮೇಲೆ ಕೂತು ನಾನೊಬ್ಬನೇ ಎಲ್ಲಿಗೂ ಹೋಗುತ್ತಿಲ್ಲ. ಆದರೆ ಅಲ್ಲೇ ಒಂದು ದಿನ ಅಸಮತೆಯ ಲೆಕ್ಕ ಅರ್ಥವಾಯಿತು. ಎರಡೂ ಕಡೆ ಋಣ ಸಂಖ್ಯೆಯಿಂದ ಭಾಗಿಸಿದರೆ ಹೆಚ್ಚು-ಕಡಿಮೆಯ ಗುರುತು ಯಾಕೆ ತಿರುಗಿಸಬೇಕು ಎಂದು ಕೇಳಿದ್ದಕ್ಕೆ ಮೇಷ್ಟ್ರು ಬಾಯಿಪಾಠ ಮಾಡು ಎಂದಿದ್ದರು. ನೀನೂ "ಸುಮ್ನೆ ತಿರುಗ್ಸ್‌ಬುಡೋ" ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆಯಲು ನನ್ನಿಂದ ಆಗಲಿಲ್ಲ. ತೆಪ್ಪದಲ್ಲಿ ಮುಂದೆ ಒಬ್ಬ ಅಜ್ಜಿ, ಹಿಂದೆ ಮೊಮ್ಮಗಳು ಕೂತಿದ್ದರು. ತೆಪ್ಪ ಅರ್ಧ ಸುತ್ತು ತಿರುಗಿತು. ಮೊಮ್ಮಗಳು ಮುಂದಾದಳು, ಅಜ್ಜಿ ಹಿಂದಾದಳು. ಕೂತವರು ಅಲುಗಲೇ ಇಲ್ಲ. ಸಂಖ್ಯೆಗಳೂ ಹಾಗೆಯೇ. ಐದು ಮೂರಕ್ಕಿಂತ ಮುಂದೆ. ಎರಡನ್ನೂ ಸೊನ್ನೆಯ ಆಚೆಗೆ, ಋಣದ ಕಡೆಗೆ ತಿರುಗಿಸಿದರೆ ಐದೇ ಹಿಂದೆ ಬೀಳುತ್ತದೆ.

ಮರಳಿನ ಚೀಲಗಳನ್ನು ತೂಗಿ ತುಂಬಿ ನೋಡಿದೆ. ಅಂಚು ನೀರಿಗಿಂತ ಒಂದು ಗೇಣು ಮೇಲಿರಬೇಕೆಂದರೆ ತೆಪ್ಪ ನಾನೂರ ಎಂಬತ್ತು ಕಿಲೋ ತಡೆಯುತ್ತದೆ. ಒಬ್ಬರಿಗೆ ಅರವತ್ತೈದು ಎಂದಿಟ್ಟುಕೋ. ಜನ ಹತ್ತಿದ ಮೇಲೆ ಹುಟ್ಟು ಹಾಕುವವನಿಗೂ ಅಷ್ಟು ಉಳಿಯಬೇಕು: 480 − 65x ≥ 65. ಅಂದರೆ −65x ≥ −415. ಭಾಗಿಸಿ ಗುರುತು ತಿರುಗಿಸಿದರೆ x ≤ 6.38. ಮನುಷ್ಯರನ್ನು ತುಂಡು ಮಾಡಲಾಗುವುದಿಲ್ಲವಲ್ಲ, ಆರೇ ಜನ. ತಿರುಗಿಸದಿದ್ದರೆ ಆರಕ್ಕಿಂತ ಹೆಚ್ಚು ಎಷ್ಟಾದರೂ ಹತ್ತಬಹುದು ಎಂದಾಗುತ್ತದೆ. ಮಾವನ ಲೆಕ್ಕ ಅದೇ.

ಹೋದ ಅಮಾವಾಸ್ಯೆಗೆ ನಿಮಿಷಾಂಬೆಯ ದರ್ಶನ ಮುಗಿಸಿ ಬಂದವರಲ್ಲಿ ಎಂಟು ಮಂದಿಯನ್ನು ಮಾವ ಹತ್ತಿಸಿದ. ಇದು ಆರು ಜನದ ತೆಪ್ಪ ಎಂದು ನಾನು ಅವರ ಮುಂದೆಯೇ ಹೇಳಿಬಿಟ್ಟೆ. ಎಲ್ಲರೂ ಇಳಿದು ಹೋದರು. "ಈ ಲೆಕ್ಕವ ಪರೀಕ್ಸೇಲಿ ಬರ್ದಿದ್ರೆ ಪಾಸಾಯ್ತಿದ್ದೆ ಕಣ್ಲಾ, ನೀರ್ ಮ್ಯಾಲೆ ಬರೀತಾವ್ನೆ" ಎಂದು ಮಾವ ಹುಟ್ಟು ಕಿತ್ತುಕೊಂಡ.

ಈಗ ಇಪ್ಪತ್ತರ ಅಮಾವಾಸ್ಯೆಗೆ ನಿಮ್ಮ ಮನೆಯ ಎಂಟೂ ಜನ ಬರುತ್ತೀರಿ. ಆಚೆ ದಡ ತೋರಿಸುತ್ತೇನೆಂದು ಮಾವ ಮಾತು ಕೊಟ್ಟಿದ್ದಾನೆ. ಎರಡು ಸಲ ಹೋಗೋಣ ಎಂದೆ. "ಬೀಗ್ರನ್ನ ಎಲ್ಡ್ ಪಾಲ್ ಮಾಡಿ ಕೂರ್ಸಾದಾ? ನಾಗಮಂಗ್ಲದಲ್ಲಿ ನಮ್ ಮಾನ ಏನಾಯ್ತದ್ಲಾ?" ಎಂದ. ಅಪ್ಪನೂ ಹೌದೆಂದರು, ಊಟದ ಪಂಕ್ತಿಯಲ್ಲೇ ಬೀಗರನ್ನು ಬೇರೆ ಬೇರೆ ಕೂರಿಸದವರು ನಾವು. ನಾನು ಹುಟ್ಟು ಹಿಡಿಯದಿದ್ದರೆ ಬಲಗೈ ಎತ್ತಲಾಗದ ಮಾವನೇ ಹಿಡಿಯುತ್ತಾನೆ. ಹಿಡಿದರೆ ಎಂಟು ಜನರನ್ನು ನಾನೇ ನಡುನೀರಿಗೆ ಒಯ್ದಂತೆ. ಭಾವನಿಗೆ ನೇರವಾಗಿ ಹೇಳಿದರೆ ಆ ಮನೆಯಲ್ಲಿ ನಿನಗೆ ಮಾತು ಬೀಳುತ್ತದೆ. ಯಾವ ಕಡೆ ತಿರುಗಿದರೂ ದಡವಿಲ್ಲ ಅಕ್ಕಾ.

ಹಿರಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಸೊಂಟಕ್ಕೆ ಬಿಸಿನೀರು ಹಾಕಿಕೋ.

ನಿನ್ನ ತಮ್ಮ,
ನಾಗಾರ್ಜುನ

ತಾ.ಕ.: ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಹೊಳೆಯ ಹತ್ತಿರ ಬಂದಾಗ ತಲೆ ಸುತ್ತುತ್ತಿದೆ, ತೆಪ್ಪ ಹತ್ತಲಾರೆ ಎಂದುಬಿಡು. ನಿನ್ನೊಬ್ಬಳನ್ನು ಬಿಟ್ಟು ಅತ್ತೆಯವರು ಬರುವುದಿಲ್ಲ. ಉಳಿದವರು ಆರು. ನಾನು ಹುಟ್ಟು ಹಿಡಿಯುತ್ತೇನೆ. ಈ ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ, ನೀನೇ ಹೇಳಬೇಕು. ಹೇಳುವಾಗ ನನ್ನ ಕಡೆ ಮಾತ್ರ ನೋಡಬೇಡ.