ಅಮರಮ್ಮನ ಕಂಪ್ಯೂಟರಿನ ಜಾಗ

12 ಜೂನ್ 2025, ಗುರುವಾರ. ದೇವದುರ್ಗ

ಇವತ್ತು ನನ್ನ ಮೇಲೆಯೇ ಸಿಟ್ಟು. ನಮ್ಮ ಹೋರಾಟದ ಸಂಘದ ಕಚೇರಿ ಗುಡಿಸುವ ಅಮರಮ್ಮ ನಮ್ಮ ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿಯುತ್ತಾಳೆ. ಬಾಗಿಲ ಬಳಿಯಿದ್ದ ಅವಳ ಕಂಪ್ಯೂಟರನ್ನು ಮುಂದಿನ ಸಾಲಿಗೆ ತಂದೆವು. ಅದರಲ್ಲಿ ಮಾತ್ರ ನೆಟ್ ನಿಂತಿತು. ಅವಳು ಮಾನ್ವಿಯಲ್ಲಿರುವ ಮಗಳು ವಿಶಾಖಾಗೆ ತಾನೇ ಟೈಪ್ ಮಾಡಿದ ಮೊದಲ ಪತ್ರ ಕಳಿಸಬೇಕೆಂದು ಕೂತಿದ್ದಳು.

“ನನ್ನ ಕೈ ಹತ್ತಿ ಕೆಟ್ಟದೇನು ಯಪ್ಪಾ? ಬಾಗ್ಲ ಕಡಿಗೇ ಹೋಗ್ತೀನಿ ಬಿಡು.”

“ನನ್ನಾಣಿ, ಏಳಬ್ಯಾಡ ಯವ್ವಾ.”

ಕಮಾಂಡ್ ಹೊಡೆದು, ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಬ್ರಿಡ್ಜಿನ ಪಟ್ಟಿ ತೆರೆದೆ. ಯಾವ ಯಂತ್ರದ ತಂತಿ ಯಾವ ಪೋರ್ಟಿನ ಕಿಂಡಿಯಲ್ಲಿದೆ ಎಂದು ಬ್ರಿಡ್ಜ್ ತಾನೇ ಕಲಿತು ಬರೆದುಕೊಳ್ಳುತ್ತದೆ. ಅವಳದನ್ನು ಮಾತ್ರ ನಾನೇ ಹಿಂದೊಮ್ಮೆ ಬಾಗಿಲ ಪೋರ್ಟಿಗೆ ಕದಲದಂತೆ ಅಂಟಿಸಿದ್ದೆ. ಅವಳಿಗೆ ಬರಬೇಕಾದ ಉತ್ತರಗಳೆಲ್ಲ ಆ ಖಾಲಿ ಮೂಲೆಗೆ ಹೋಗುತ್ತಿದ್ದವು. ಬೀದಿಯಲ್ಲಿ ಸಮಾನತೆ ಎಂದು ಗಂಟಲು ಹರಿದುಕೊಳ್ಳುವ ನಾನು ಮಾಡಿದ ಕೆಲಸವಿದು! ಆ ಸಾಲನ್ನು ಅಳಿಸಿದೆ. ಅವಳು ಮತ್ತೆ ಕಳಿಸಿದ ಕೂಡಲೇ ಬ್ರಿಡ್ಜ್ ಹೊಸ ಜಾಗ ಕಲಿಯಿತು.

ಮಗಳ ಉತ್ತರ ಬಂತು. ಅಮರಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿ ನಕ್ಕಳು: “ಮೂರು ತಪ್ಪು ಹುಡುಕ್ಯಾಳ ನೋಡು! ಹಡದಾಕಿಗೇ ಟೀಚರಾಗ್ಯಾಳ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಡಿಸಿದವನು ನಾನೆಂದು ಮಾತ್ರ ಹೇಳಲಿಲ್ಲ. ನಾಳೆ ತರಗತಿಯಲ್ಲಿ ಎಲ್ಲರೆದುರು ಹೇಳಬೇಕು, ಅವಳ ಪಕ್ಕದಲ್ಲೇ ನಿಂತು, ಯವ್ವಾ ಎಂದು ಕರೆದು…