ರಾಮಕ್ಕನ ಹತ್ತೊಂಬತ್ತು ತಾಯಂದಿರು

ಫೆಬ್ರವರಿ 9, ಸೋಮವಾರ. ಸಂಜೆ ಆರು

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಕಲ್ಯಾಣದುರ್ಗ ನಮಗಿಂತ ಮುಂದಿದೆ.

ರೌಂಡ್ಸ್ ಆಯಿತು, ಹೊಲಿಗೆಗಳನ್ನು ನೋಡಿದ್ದಾಯಿತು, ಚಾರ್ಟ್‌ಗಳಿಗೆ ಸಹಿ ಹಾಕಿದ್ದಾಯಿತು. ಆಮೇಲೆ ಸಿಸೇರಿಯನ್ ಆದ ತಾಯಂದಿರು ತುಂಬಿಕೊಟ್ಟ ಫಾರ್ಮ್‌ಗಳ ಅಂಕ ಕೂಡಿಸಲು ಕೂತೆ. ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ನಮ್ಮ ಹಿಂದೂಪುರದ ಮೂವತ್ತು ತಾಯಂದಿರ ಸರಾಸರಿ 42. ಕಲ್ಯಾಣದುರ್ಗದ ಮೂವತ್ತು ತಾಯಂದಿರದು 44. ಮೂರು ಸಲ ಕೂಡಿಸಿದೆ. ಕ್ಯಾಲ್ಕ್ಯುಲೇಟರ್ ಬದಲಿಸಿ ಇನ್ನೊಂದು ಸಲ. ನಾಚಿಕೆಗೇಡು.

ಎರಡೂ ಒಂದೇ ಟ್ರಸ್ಟಿನ ಆಸ್ಪತ್ರೆ. ಅಲ್ಲಿ ಸಿಸೇರಿಯನ್ ಹಳೆಯ ರೀತಿಯಲ್ಲೇ ನಡೆಯುತ್ತದೆ — ಕೈ ಕಟ್ಟಿರುತ್ತಾರೆ, ಮುಖದ ಮುಂದೆ ಹಸಿರು ಬಟ್ಟೆ, ಮಗುವನ್ನು ದೂರದಿಂದ ಒಮ್ಮೆ ಎತ್ತಿ ತೋರಿಸಿ ಹೊರಗೆ ನೆಂಟರ ಕೈಗೆ ಕೊಡುತ್ತಾರೆ. ಇಲ್ಲಿ, ನಾನು ಮೂರು ವರ್ಷ ಬೆನ್ನು ಬಿದ್ದು ತಂದ ಹೊಸ ರೀತಿ. ಮಂಗಳವಾರ, ಶುಕ್ರವಾರ. ಗಂಡ ಒಳಗೆ ಬಂದು ತಾಯಿಯ ತಲೆಯ ಹತ್ತಿರ ಕೂರುತ್ತಾನೆ. ಮಗು ಹೊರಬರುವಾಗ ಪರದೆ ಇಳಿಸುತ್ತೇವೆ. ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸುತ್ತೇವೆ.

ಒಂದೊಂದು ಕೇಸಿಗೆ ಹದಿನೈದು ನಿಮಿಷ ಹೆಚ್ಚು. ಅದು ಅನಂತಪುರದ ಕಮಿಟಿಗೆ ಹಿಡಿಸಿಲ್ಲ. ತಾಯಂದಿರಿಗೆ ಇದರಿಂದ ಹೆಚ್ಚು ತೃಪ್ತಿ ಎಂದು ತೋರಿಸಿ, ಇಲ್ಲವೇ ಏಪ್ರಿಲ್‌ನಿಂದ ನಿಲ್ಲಿಸಿ ಎಂದಿದ್ದಾರೆ.

ಕಲ್ಯಾಣದುರ್ಗದ ಆರು ಫಾರ್ಮ್‌ಗಳು ಪೆನ್ಸಿಲಿನಲ್ಲಿ ತುಂಬಿದವು. ಅವನ್ನು ಕೈಬಿಟ್ಟರೆ ಯಾರೂ ಕೇಳಲಾರರು. ಪಕ್ಕಕ್ಕೆ ಇಟ್ಟೂ ನೋಡಿದೆ... ಮತ್ತೆ ಸೇರಿಸಿದೆ.

ಫೆಬ್ರವರಿ 10, ಮಂಗಳವಾರ

ಎರಡು ಕೇಸ್. ಎರಡನೆಯವಳು ಲೇಪಾಕ್ಷಿ ಕಡೆಯವಳು. ಪರದೆ ಇಳಿಸಿದಾಗ ಮಗುವನ್ನೇ ನೋಡುತ್ತ, “ಅಯ್ಯೋ, ನಮ್ಮಜ್ಜಿ ಮೂಗು!” ಎಂದಳು. ಥಿಯೇಟರಿನಲ್ಲಿದ್ದವರೆಲ್ಲ ನಕ್ಕೆವು. ಗಂಡ ಬೆವೆತು ಹೋಗಿದ್ದ, ನೀರು ಕೊಡಿಸಿದೆ. ಇಂಥ ದಿನ ಯೂನಿಫಾರಂ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ತನಕ ನಡೆಯುವುದೇ ಒಂದು ಹೆಮ್ಮೆ.

ಡಾ. ದಯಾನಂದ್‌ಗೆ 44 ಎಂದು ಹೇಳಿದೆ. ಆಪರೇಷನ್ ಮಾಡುವವರೂ ಅವರೇ, ಕಮಿಟಿಗೆ ಉತ್ತರ ಕೊಡುವವರೂ ಅವರೇ.

“ಸಾಧ್ಯವೇ ಇಲ್ಲ ಪ್ರಮೀಳಾ. ಯೂನಿಫಾರಂ ಹಾಕ್ಕೊಂಡು ಹೋಗಿ ಕೇಳಿದ್ರೆ ನಮ್ಮ ಜನ ಏನಂತಾರೆ? ಎಲ್ಲಾ ಚೆನ್ನಾಗೈತೆ ಅಂತಾರೆ. ಸೂಜಿ ಚುಚ್ಚಿದ್ದೂ ಚೆನ್ನಾಗಿತ್ತು ಅಂತಾರೆ.”

ಮಾತು ಸರಿ ಅನ್ನಿಸಿತು. ಯೂನಿಫಾರಂ ಇಲ್ಲದೆ ನಾನೇ ಹೋಗಿ ಕೇಳೋಣ ಎಂದು ಗುರುವಾರ, ಶುಕ್ರವಾರ ರಜೆ ಬರೆದು ಕೊಟ್ಟೆ.

ಫೆಬ್ರವರಿ 12, ಗುರುವಾರ. ಕಲ್ಯಾಣದುರ್ಗ, ಲಾಡ್ಜ್

ಪಾವಗಡದಲ್ಲಿ ಬಸ್ಸು ಬದಲಿಸಿ ಬಂದೆ. ಕಾಟನ್ ಸೀರೆ, ಐಡಿ ಕಾರ್ಡ್ ಬ್ಯಾಗಿನೊಳಗೆ. ಊರಾಚೆಯ ಹಳ್ಳಿಯೊಂದರಲ್ಲಿ ವರಲಕ್ಷ್ಮಿಯ ಮನೆ. ಎರಡನೇ ಹೆರಿಗೆಯಾಗಿ ಏಳು ವಾರ. ಐವತ್ತಕ್ಕೆ ಐವತ್ತು ಕೊಟ್ಟವಳು. ಸುಳ್ಳು ಅಂಕವಿದ್ದರೆ ಇದೇ ಇರಬೇಕು ಎಂದುಕೊಂಡು ಮೊದಲು ಇಲ್ಲಿಗೇ ಬಂದೆ.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಉಡುಸಲಮ್ಮ ಶುರು ಮಾಡಿದರು.

“ಅವ್ಳನ್ನೇನ್ ಕೇಳ್ತೀಯಮ್ಮ, ನನ್ನ ಕೇಳು. ಬಾಗ್ಲಾಗೆ ನಿಂತು ಕಾಲು ಬಿದ್ದೋಗಿದ್ದು ನಂದು. ಅಲ್ಲೊಬ್ಳು ಆಯಾ ಅವ್ಳೆ, ರಾಮಕ್ಕ ಅಂತ. ಒಳಗೆ ಕೂಸು ಅಳ್ತೈತೆ, ಇವ್ಳು ಬಾಗ್ಲೇ ತೆಗೀಲಿಲ್ಲ ಕಣಮ್ಮ! ಬಡಿದೆ. ‘ಇರವ್ವ, ಹೆತ್ತೋಳು ನೋಡ್ತಾವ್ಳೆ’ ಅಂದ್ಲು. ಅಷ್ಟೊತ್ತು ಏನ್ ನೋಡೋದು, ಕಡ್ಲೆಕಾಯಿ ಬಿತ್ತನೆಗೆ ಆರಿಸ್ತಾವ್ಳಾ?”

ವರಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅದ್ಕೇ ಕಣಕ್ಕ ನಾನು ಐದಕ್ಕೈದು ಕೊಟ್ಟಿದ್ದು.”

“ಕೇಳ್ದಾ! ಅತ್ತೆ ಆಚೆ ನಿಂತಿದ್ದಕ್ಕೆ ಮಾರ್ಕು!”

“ಮೊದಲ್ನೇದು ಬ್ಯಾರೆ ಕಡೆ ಆಯ್ತಕ್ಕ,” ಎಂದಳು ವರಲಕ್ಷ್ಮಿ. “ಪಾಪನ್ನ ಆಚೆ ತಗೊಂಡೋದ್ರು. ನಾನು ಕಿವಿ ಕೊಟ್ಕಂಡು ಮಲಗಿದ್ದೆ. ಬಾಗ್ಲಾಚೆ ಒಬ್ರೂ ಮಾತಾಡ್ಲಿಲ್ಲ. ಹೆಣ್ಣು ಅಂತ ಹಂಗೇ ಗೊತ್ತಾಯ್ತು. ಈ ಸಲಾನೂ ಹೆಣ್ಣೇ. ಆದ್ರೆ ರಾಮಕ್ಕ ನನ್ನ ಕೆನ್ನೆಗೆ ಅದ್ರ ಕೆನ್ನೆ ಇಟ್ಲು. ನಾನೇ ನೋಡ್ದೆ, ನಾನೇ ಹೆಣ್ಣು ಅಂತ ಅಂದೆ. ‘ಯಾರಿಗೆ ಮೊದ್ಲು ಹೇಳ್ಲಿ ತಲ್ಲೀ, ಹೇಳ್ ತಾಯೀ’ ಅಂತ ಕೇಳಿದ್ಲು. ನಮ್ಮಮ್ಮನ ಹೆಸ್ರು ಹೇಳ್ದೆ.”

“ಹೂಂ! ನಾನು ಕಂಬದಂಗೆ ಮುಂದೆ ನಿಂತಿದ್ರೆ, ‘ಪೋಲಮ್ಮ ಯಾರು, ಪೋಲಮ್ಮ ಬಾರವ್ವ’ ಅಂತ ಕೂಗ್ತಾಳೆ!” ಉಡುಸಲಮ್ಮ ಮಗುವನ್ನು ಸೊಸೆಯ ಮಡಿಲಿನಿಂದ ಎತ್ತಿಕೊಂಡು, “ಕೊನೆಗೆ ಬಂದಿದ್ದು ಯಾರ ತಾವಕ್ಕೆ, ಹೇಳೇ ಬಂಗಾರಿ,” ಎಂದರು.

ಅಂಕ ಸುಳ್ಳಲ್ಲ.

ಬಸ್ಸಿಗೆ ಕಾಯುತ್ತ ಆ ಬಾಗಿಲಾಚೆಯ ಮೌನವನ್ನೇ ಯೋಚಿಸುತ್ತಿದ್ದೆ. ಹದಿನೆಂಟು ವರ್ಷದ ಹಿಂದೆ ನಾನೂ ಹಾಗೇ ಮಲಗಿ ಕೇಳಿಸಿಕೊಂಡಿದ್ದೆ. ನರ್ಸ್ ಆಗಿದ್ದೂ ಒಂದು ಮಾತು ಕೇಳಲು ಧೈರ್ಯ ಬರಲಿಲ್ಲ. ನನ್ನವರು ಪಕ್ಕದಲ್ಲಿ ಇದ್ದಿದ್ದರೆ ಎಂದು ಅನ್ನಿಸಿತ್ತು. ಮಗಳಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಫೆಬ್ರವರಿ 13, ಶುಕ್ರವಾರ. ಕಲ್ಯಾಣದುರ್ಗ

ಥಿಯೇಟರಿನ ಮೂಲೆಯಲ್ಲಿ ನಿಂತು ನೋಡಿದೆ. ರಾಮಕ್ಕ — ಐವತ್ತೇಳಿರಬಹುದು, ಕುಳ್ಳು, ಮುಂಗೈ ತುಂಬ ಹಚ್ಚೆ. ಬಟ್ಟೆ, ಬಕೆಟ್ಟು, ನೆಲ, ಎಲ್ಲ ಅವಳದೇ ಕೆಲಸ. ಬೆನ್ನಿಗೆ ಅರಿವಳಿಕೆಯ ಸೂಜಿ ಕೊಟ್ಟಾದ ಮೇಲೆ ಒಂದು ಸ್ಟೂಲ್ ಎಳೆದುಕೊಂಡು ತಾಯಿಯ ಕಿವಿಯ ಹತ್ತಿರ ಕೂತಳು. “ಏಂ ಭಯಂ ಲೇದು ತಲ್ಲೀ, ಏನೂ ಭಯ ಇಲ್ಲ. ಈಗ ಎಳೀತಾರೆ, ನೋವಾಗಲ್ಲ, ಎಳ್ದಂಗಾಗ್ತೈತೆ ಅಷ್ಟೇಯ.” ಮಗು ಬಂತು. ಒರೆಸಿ ಸುತ್ತಿದರು. ಅವಳು ತಾಯಿಯ ಒಂದು ಕೈ ಪಟ್ಟಿ ಸಡಿಲಿಸಿ, ಮಗುವಿನ ಕೆನ್ನೆ ತಂದು ಅವಳ ಕೆನ್ನೆಗೆ ಇಟ್ಟಳು. ಕಾದಳು. ತಾಯಿ ಅತ್ತು, ನಕ್ಕು, “ನಮ್ಮಕ್ಕನಿಗೆ ಹೇಳು” ಎಂದ ಮೇಲೆಯೇ ಬಾಗಿಲ ಕಡೆ ತಿರುಗಿದಳು.

ಗಡಿಯಾರ ನೋಡಿದೆ. ಎರಡು ನಿಮಿಷ.

ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವಳ ಹತ್ತಿರ ಹೋಗಿ, ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಅವಳ ಮುಖ ಬದಲಾಯಿತು.

“ಕಂಪ್ಲೇಂಟ್ ಬರಿಯಾಕೆ ಬಂದಿದ್ದೀಯಾ? ಬಾಗ್ಲು ತೆಗೆಯಾದು ಲೇಟಾಯ್ತೈತೆ ಅಂತ ಯಾರೋ ಹೇಳವ್ರೆ.”

“ಇಲ್ಲ ರಾಮಕ್ಕ. ಕಲಿಯೋಕೆ ಬಂದೆ.”

“ನನ್ ತಾವ?” ಗಟ್ಟಿಯಾಗಿ ನಕ್ಕಳು. “ಏನೈತೆ ಕಲಿಯಾದು? ಸೀರೆ ಅಂಗಡಿಯಾಗೂ ಉಡೋಳಿಗೆ ಮೊದ್ಲು ತೋರಿಸ್ತಾರೆ. ಒಂಬತ್ತು ತಿಂಗ್ಳು ಹೊತ್ತೋಳು ನೋಡ್ದೆ ಊರಿಗೆ ತೋರ್ಸಾದಾ? ನನ್ ಡ್ಯೂಟಿ ಇದ್ದಾಗ ಆಗಾಕಿಲ್ಲ ಕಣಮ್ಮ.”

ಮತ್ತೊಬ್ಬ ಆಯಾಳ ಡ್ಯೂಟಿಯಲ್ಲಿ?

“ಅವ್ಳು ಚಿಕ್ಕೋಳು. ಆಚೆ ಜನ ಬಾಗ್ಲು ಬಡಿದ್ರೆ ಹೆದ್ರಿಕಂಡು ತೆಗ್ದುಬುಡ್ತಾಳೆ.”

ಫೆಬ್ರವರಿ 23, ಸೋಮವಾರ

ಹತ್ತು ದಿನ ಇಲ್ಲಿ ಏನೂ ಬರೆಯಲಿಲ್ಲ. ಕಲ್ಯಾಣದುರ್ಗದಿಂದ ಡ್ಯೂಟಿ ಪಟ್ಟಿ ತರಿಸಿಕೊಂಡು ಒಂದೊಂದೇ ಫಾರ್ಮಿನ ದಿನಾಂಕ ಹೊಂದಿಸುತ್ತಿದ್ದೆ.

ಅಲ್ಲಿಯ ಮೂವತ್ತು ತಾಯಂದಿರಲ್ಲಿ ರಾಮಕ್ಕನ ಡ್ಯೂಟಿಯಲ್ಲಿ ಹೆತ್ತವರು ಹತ್ತೊಂಬತ್ತು. ಅವರ ಸರಾಸರಿ 48. ಉಳಿದ ಹನ್ನೊಂದು ಮಂದಿಯದು 38.

ನಮ್ಮದು ನಡುವೆ. 42.

ಡಾ. ದಯಾನಂದ್ ಕುರ್ಚಿಯಿಂದ ಎದ್ದೇ ಬಿಟ್ಟರು. “ಸಿಕ್ತಲ್ಲ! ಆ ಹತ್ತೊಂಬತ್ತು ಹಳೇ ರೀತಿಯ ಕೇಸೇ ಅಲ್ಲ. ಪ್ರೊಟೊಕಾಲ್ ಮೀರಿದ್ದು. ತೆಗೆದುಹಾಕಿ. 42ಕ್ಕೆ ಎದುರು 38. ನೀವು ಗೆದ್ರಿ.”

ಅವರು ಮೋಸ ಮಾಡಿ ಎನ್ನಲಿಲ್ಲ. ಪುಸ್ತಕದ ಪ್ರಕಾರ ಸಮರ್ಥಿಸಿಕೊಳ್ಳಬಹುದಾದ ಮಾತು. ಒಂದು ಫುಟ್‌ನೋಟ್ ಸಾಕು. ನಮ್ಮ ಮಂಗಳವಾರ, ಶುಕ್ರವಾರ ಉಳಿಯುತ್ತವೆ.

“48 ಯಾಕೆ ಬಂತು ಸರ್? ಎಲ್ಲ ವ್ಯವಸ್ಥೆ ಇರೋ ನಮಗೆ 42 ಯಾಕೆ?”

“ಅದು ಈಗ್ಲೇ ಬೇಕಾ?”

ಫಾರ್ಮ್‌ಗಳನ್ನು ಎತ್ತಿಕೊಂಡು ಬಂದೆ.

ಫೆಬ್ರವರಿ 26, ಗುರುವಾರ

ನಮ್ಮ ಫಾರ್ಮ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ, 33, ಕೊಟ್ಟವಳು ಕೀರ್ತನಾ. ಚೊಚ್ಚಲು ಹೆರಿಗೆ, ಇನ್ನೂ ತವರಿನಲ್ಲಿದ್ದಾಳೆ. ಇಲ್ಲೇ ಹಿಂದೂಪುರ, ನೇಕಾರರ ಬೀದಿ. ಒಳಕೋಣೆಯಲ್ಲಿ ಮಗ್ಗ ಬಡಿಯುತ್ತಿತ್ತು. ಅವಳ ತಾಯಿ ಹೋಗಿ ನಿಲ್ಲಿಸಿ ಬಂದರು. ಗಂಡ ರುದ್ರೇಶ್, ಸೀರೆ ವ್ಯಾಪಾರ, ಮಗು ನೋಡಲು ಬಂದಿದ್ದ.

ಕಡಿಮೆ ಅಂಕ ಯಾಕಮ್ಮ ಎಂದೆ. ಗಂಡನ ಕಡೆ ನೋಡಿದಳು.

“ಬೇಜಾರ್ ಮಾಡ್ಕೋಬೇಡಿ ಮ್ಯಾಡಮ್. ಇವ್ರು ನನ್ ತಲೆ ಹತ್ರ ಕೂತ್ಕಂಡು ಬಿಕ್ಕಿ ಬಿಕ್ಕಿ ಅಳ್ತಿದ್ರು. ನಾನು ಪಾಪು ನೋಡ್ಲಾ, ಇವ್ರನ್ನ ಸಮಾಧಾನ ಮಾಡ್ಲಾ?”

“ನಾನೇನ್ ಬತ್ತೀನಿ ಅಂದಿದ್ನಾ?” ಎಂದ ರುದ್ರೇಶ್, ಕಿವಿಯವರೆಗೆ ಕೆಂಪಾಗಿ. “ಗಂಡಾನೇ ಬರ್ಬೇಕು ಅಂತ ಗೌನ್ ತೊಡಿಸಿ ಕೂರಿಸ್ಬುಟ್ರು. ಎದ್ದು ಓಡಿ ಬರಾಕೂ ಆಗ್ಲಿಲ್ಲ.”

ತಾಯಿ ಮೆಲ್ಲಗೆ ಹೇಳಿದರು. “ಚೊಚ್ಚಲು ಬಾಣಂತನ ತವರಿಂದಲ್ವೇನಮ್ಮ. ಕರ್ಕೊಂಡ್ ಬಂದಿದ್ದು ನಾನು, ಕರ್ಕೊಂಡ್ ಹೋಗೋದೂ ನಾನು. ಆ ಹೊತ್ನಾಗೆ ಮಾತ್ರ ನನ್ನ ಬೆಂಚ್ ಮ್ಯಾಲೆ ಕೂರಿಸಿದ್ರಿ.”

ಆ ನಿಯಮ ಬರೆದವಳು ನಾನು. ‘ಗಂಡನಿಗೆ ಮಾತ್ರ ಪ್ರವೇಶ.’ ಇಂಗ್ಲಿಷ್ ಲೇಖನಗಳಲ್ಲಿ ಹಾಗಿತ್ತು, ಹಾಗೇ ಇಳಿಸಿದೆ. ಪೂರ್ತಿ ನಿಜ ಅದೂ ಅಲ್ಲ. ನನ್ನ ಹೆರಿಗೆಯಲ್ಲಿ ನನಗೆ ಬೇಕೆನ್ನಿಸಿದ್ದನ್ನು ಮೂವತ್ತು ಹೆಂಗಸರಿಗೆ ಹಂಚಿದ್ದೇನೆ. ನಿಮಗೆ ಯಾರು ಬೇಕು ಎಂದು ಒಬ್ಬಳನ್ನೂ ಕೇಳಲಿಲ್ಲ. ಅಕ್ಷರ ಬಾರದ ರಾಮಕ್ಕ ಪ್ರತಿಯೊಬ್ಬಳನ್ನೂ ಕೇಳುತ್ತಾಳೆ.

ಮನೆಗೆ ಬಂದು ಮೂವತ್ತು ಫಾರ್ಮ್‌ಗಳ ಏಳನೇ ಪ್ರಶ್ನೆ ಮಾತ್ರ ತೆಗೆದು ನೋಡಿದೆ: ‘ಜೊತೆಗಿದ್ದವರಿಂದ ಧೈರ್ಯ ಬಂತೇ?’ ಹದಿನಾರು ಕಡೆ ಒಂದು ಅಥವಾ ಎರಡು. ಮೂರು ವಾರದಿಂದ ಕಣ್ಣ ಮುಂದೆಯೇ ಇತ್ತು.

ಮಾರ್ಚ್ 6, ಶುಕ್ರವಾರ

ಒಳಗೆ ಯಾರು ಬರಬೇಕೆಂದು ಹೆರುವವಳನ್ನೇ ಕೇಳಲು ಡಾ. ದಯಾನಂದ್ “ಒಂದು ದಿನ, ಅಷ್ಟೇ” ಎಂದು ಒಪ್ಪಿದ್ದರು. ಬೆಳಿಗ್ಗೆ ಪರಿಗಿಯಿಂದ ಹೆರಿಗೆಗೆ ಬಂದ ಹುಡುಗಿಯನ್ನು ಕೇಳಿದೆ — ಒಳಗೆ ನಿನ್ನ ಜೊತೆ ಯಾರು ಕೂರಬೇಕಮ್ಮ? ಗಂಡ, ತಾಯಿ, ಅತ್ತೆ, ಮೂವರೂ ನಿಂತಿದ್ದರು. ತಾಯಿ ಆಗಲೇ ಚಪ್ಪಲಿ ಬಿಟ್ಟಿದ್ದರು.

“ನಮ್ಮತ್ತೆ.”

ತಾಯಿ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು. ಅತ್ತೆ ಸೊಸೆಯ ಕಡೆ ತಿರುಗಿ, “ನಾನಾ?” ಎಂದರು.

“ನಮ್ಮಮ್ಮ ರಕ್ತ ಕಂಡ್ರೆ ಬಿದ್ದೋಯ್ತಾಳೆ. ಇವ್ರು ಹಂಗಲ್ಲ. ಡಾಕ್ಟ್ರಿಗೇ ಜೋರು ಮಾಡ್ತಾರೆ.”

ಮಾಡಿದರು ಕೂಡ! ಮಗು ಅತ್ತ ತಕ್ಷಣ, “ಏನಪ್ಪಾ, ಬಟ್ಟೆ ಇಳಿಸ್ತೀವಿ ಅಂದಿದ್ರಿ, ಇನ್ನಾ ಇಳಿಸ್ಲಿಲ್ಲ?” ಡಾ. ದಯಾನಂದ್ “ಇಳಿಸ್ರೀ, ಇಳಿಸ್ರೀ” ಎಂದರು. ಮಗುವನ್ನು ಎದೆಯ ಮೇಲೆ ಮಲಗಿಸಿದಾಗ ಅತ್ತೆ ಕೈ ಚಾಚಲಿಲ್ಲ. ಸೊಸೆಯ ಹಣೆಯ ಬೆವರು ಒರೆಸುತ್ತ, “ನೋಡ್ಕಳವ್ವ, ನೋಡ್ಕ. ಯಾರೂ ಕಿತ್ಕಣಲ್ಲ,” ಎಂದರು.

ಹೆಚ್ಚು ಹಿಡಿದದ್ದು ಹದಿನೈದಲ್ಲ, ಒಂಬತ್ತೇ ನಿಮಿಷ. ಅಳುವ ಗಂಡಂದಿರನ್ನು ಎಬ್ಬಿಸಿ ಕೂರಿಸುವ ಸಮಯ ಉಳಿಯಿತು.

ಈ ಕೇಸ್ ವರದಿಗೆ ಸೇರುವುದಿಲ್ಲ. ನನಗೋಸ್ಕರ ಇಲ್ಲಿ ಬರೆದಿಟ್ಟೆ.

ಮಾರ್ಚ್ 11, ಬುಧವಾರ

ಹತ್ತೊಂಬತ್ತೂ ಉಳಿಯುತ್ತವೆ. ಮೂರು ಗುಂಪು, ಮೂರು ಅಂಕ, ನಮ್ಮದು ನಡುವೆ. ‘ಗಂಡನಿಗೆ ಮಾತ್ರ’ ಎಂಬ ನಿಯಮ ನನ್ನ ತಪ್ಪು — ಅದಕ್ಕೊಂದು ಪ್ಯಾರಾ.

ಬರೆಯುವ ಮೊದಲು ರಾಮಕ್ಕನಿಗೆ ಫೋನ್ ಮಾಡಿದೆ. ಹೆಸರು ಹಾಕಿದರೆ, ಕೇಳದೆ ಯಾಕೆ ಹೀಗೆ ಮಾಡಿದೆ ಎಂದು ಮೇಲಿನವರು ಕೇಳಬಹುದು. ಹೆಸರು ಬಿಟ್ಟೂ ಬರೆಯಬಹುದು ಎಂದೆ.

ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು, ನಲ್ಲಿ ನಿಲ್ಲಿಸಿದಳು.

“ಇಪ್ಪತ್ತೊಂದು ವರ್ಷ ಆಯ್ತು ಕಣಮ್ಮ. ನನ್ ಹೆಸ್ರು ಹಾಜರಿ ಬುಕ್ಕಿನಾಗೆ ಬಿಟ್ರೆ ಇನ್ನೆಲ್ಲೂ ಇಲ್ಲ. ಬರಿ. ಕೇಳಿದ್ರೆ ನಾನೇ ಹೇಳ್ಕೋತೀನಿ. ಬರೀ ರಾಮಕ್ಕ ಅನ್ಬ್ಯಾಡ, ಈ ಊರಾಗೆ ಬೀದಿಗೊಬ್ಳು ರಾಮಕ್ಕ ಅವ್ಳೆ. ಆಯಾ ರಾಮಕ್ಕ, ಕಾಳಪ್ಪನ ಮಗಳು ಅಂತ ಬರಿ.”

ಹಾಗೇ ಬರೆದೆ.

ಮಾರ್ಚ್ 14, ಶನಿವಾರ. ಸಂಜೆ

ಡಾ. ದಯಾನಂದ್ ನಿಂತುಕೊಂಡೇ ಪೂರ್ತಿ ಓದಿದರು. ಮೂರು ಗುಂಪಿನ ಅಂಕಗಳ ಪಟ್ಟಿಗೆ ಬಂದಾಗ ತಲೆ ಎತ್ತಿದರು.

“ಒಬ್ಬ ಆಯಾ ನಮ್ಮನ್ನ ಸೋಲಿಸಿದ್ಲು ಅಂತ ನಾವೇ ಬರೆದು ಕೊಡ್ತಿದ್ದೀವಿ. ಇದನ್ನ ನೋಡಿ ನಿಲ್ಲಿಸಿ ಅಂದ್ರೆ?”

“ಹಾಗಂದ್ರೆ ಕಷ್ಟ ಸರ್. ನನಗೆ ಅಳು ಬರುತ್ತೆ. ಆದರೂ ಇದರಲ್ಲಿ ಒಂದು ಅಂಕವನ್ನೂ ನಾನು ಮುಚ್ಚಿಟ್ಟಿಲ್ಲ.”

ಪೆನ್ನು ಕೇಳಿದರು. ನನ್ನ ಹೆಸರಿನ ಕೆಳಗೆ ಸಹಿ ಹಾಕಿದರು. ಶಿಫಾರಸಿನ ಪುಟಕ್ಕೆ ಕೈಯಲ್ಲೇ ಒಂದು ಸಾಲು ಸೇರಿಸಿದರು: ಎರಡೂ ಆಸ್ಪತ್ರೆಗಳ ಸಿಬ್ಬಂದಿಗೆ ಶ್ರೀಮತಿ ರಾಮಕ್ಕನವರಿಂದ ತರಬೇತಿ ಕೊಡಿಸಬೇಕು.

ಇಂಗ್ಲಿಷಿನಲ್ಲಿ ಎಷ್ಟೋ ವರದಿ ಬರೆದಿದ್ದೇನೆ. ನನಗಿಂತ ಚೆನ್ನಾಗಿ ಮಾಡಿದವಳೊಬ್ಬಳು ಇದ್ದಾಳೆ ಎಂದು ಬರೆದು, ಅದಕ್ಕೇ ಇಷ್ಟು ಬೀಗಿದ್ದು ಇದೇ ಮೊದಲು. ಕಮಿಟಿ ಏನನ್ನುತ್ತದೋ. ಲಕೋಟೆಗೆ ಅಂಟು ಹಚ್ಚಿಯಾಗಿದೆ, ಅನಂತಪುರದ ವಿಳಾಸ ಎರಡು ಸಲ ನೋಡಿಯಾಗಿದೆ. ನಾಳೆ ಭಾನುವಾರ. ಪೋಸ್ಟ್ ಮಾಡುವುದು ಸೋಮವಾರ, ಮಾರ್ಚ್ 16ಕ್ಕೆ.