ಎಡಮೊಳಕಾಲಿನ ಆರು ಹೊಲಿಗೆ

ಉದಗೀರ,
೧೨ ಜನವರಿ ೨೦೨೫

ಪ್ರೀತಿಯ ಚಂಪಕ್ಕನಿಗೆ ತಂಗಿ ವಿಜಯಶ್ರೀಯ ಶರಣು.

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ. ಮರಾಠಿಯಲ್ಲಿ ಬರೆದರೆ ನಿಲಂಗಾದ ನಿಮ್ಮ ಮನೆಯವರೆಲ್ಲ ಓದುತ್ತಾರೆ. ಅದಕ್ಕೇ ಅಪ್ಪ ಕಲಿಸಿದ ಕನ್ನಡ. ಅಕ್ಷರ ಮರೆತಿದ್ದರೆ ನಿಧಾನವಾಗಿ ಓದು.

ಇಲ್ಲಿ ಕ್ರೀಡಾ ಗೌರವ ಭವನ ಕಟ್ಟಿದ್ದಾರೆ. ಈ ಭಾಗದ ಹಳೆಯ ಆಟಗಾರರ, ಆಟ ಕಲಿಸಿದವರ ಫೋಟೋ ಗೋಡೆಗೆ ಹಾಕಿ, ಇಪ್ಪತ್ತಾರರಂದು ಶಾಲು ಹೊದಿಸುತ್ತಾರಂತೆ. ಖೋಖೋ ಕಲಿಸಿದ ನಮ್ಮ ನಾಗಣ್ಣ ಸರ್ ಫೋಟೋ ಆಗಲೇ ಏರಿದೆ. ಅವರು ಬದುಕಿದ್ದರೆ ಅದು ಸೊಟ್ಟಗಿದೆ ಎಂದು ಯಾರಿಗಾದರೂ ಬೈಯುತ್ತಿದ್ದರು. ಅವರ ಪಕ್ಕದ ಜಾಗ ನನಗಂತೆ.

ಸಮಿತಿಯ ಋಷಿಕೇಶ ಮನೆಗೆ ಬಂದಿದ್ದ. ತೊಂಬತ್ತಾರರ ಶಾಲಾ ಪಂದ್ಯದ ಪೇಪರ್ ತುಣುಕು ಹಿಡಿದುಕೊಂಡು ಬಂದಿದ್ದ. ಕಂಬದ ಹತ್ತಿರ ಧುಮುಕಿ ಮೊಳಕಾಲು ಸೀಳಿದರೂ ಬಟ್ಟೆ ಕಟ್ಟಿಕೊಂಡೇ ಆಡಿ ಕಪ್ ಗೆದ್ದ, ಆಮೇಲೆ ಆರು ಹೊಲಿಗೆ ಹಾಕಿಸಿಕೊಂಡ ವಿಜಯಶ್ರೀ ಎಂದು ಅದರಲ್ಲಿದೆ. “ಆ ಹೊಲಿಗಿ ಗುರ್ತು ಇನ್ನಾ ಅದಾವೇನ್ರೀ ಮ್ಯಾಡಮ್?” ಎಂದು ಕೇಳಿದ. ನಾನು ಸೀರೆ ಕೆಳಗೆಳೆದುಕೊಂಡು ಚಹಾ ಇಡಲು ಒಳಗೆ ಹೋದೆ.

ಆ ಆರು ಹೊಲಿಗೆ ಇರುವುದು ನಿನ್ನ ಎಡಮೊಳಕಾಲಿನಲ್ಲಿ. ಏಳನೆಯ ಇಯತ್ತೆ ಮುಗಿದ ಕೂಡಲೇ ಅಪ್ಪ ನಿನ್ನನ್ನು ಶಾಲೆ ಬಿಡಿಸಿ ಲಗ್ನ ಗೊತ್ತು ಮಾಡಿದ್ದರು. ಶಾಲೆಯ ಹಾಜರಿಯಲ್ಲಿ ಹೆಸರಿಲ್ಲದವಳು ತಂಡದಲ್ಲಿ ಆಡುವಂತಿರಲಿಲ್ಲ. ಹಾಗಾಗಿ ಸರ್ ನಿನ್ನನ್ನು ನನ್ನ ಹೆಸರಿನಲ್ಲಿ ಇಳಿಸಿದರು. ನಾನು ಹೊರಗೆ ನೀರಿನ ಕೊಡ ಕಾಯುತ್ತಾ ಕೂತೆ. ಹುಡುಗಿಯರು ನಿನ್ನನ್ನು ‘ವಿಜ್ಯಾ’ ಎಂದು ಕೂಗಿದಾಗ ಒಮ್ಮೆ ಮೈಮರೆತು ಎದ್ದು ನಿಂತೆ. “ನೀ ಯಾಕ ಏಳ್ತಿ? ಕೂಡು!” ಎಂದು ಸರ್ ಗದರಿದರು.

ಆ ಪಂದ್ಯದ ಸರ್ಟಿಫಿಕೇಟಿನ ಮೇಲೆ, ಕ್ರೀಡಾ ಕೋಟಾದಲ್ಲಿ, ನಾನು ಶಿಕ್ಷಕಿಯಾದೆ. ಇಪ್ಪತ್ತು ವರ್ಷದಿಂದ ನಿನ್ನ ಕಾಲಿನ ಅನ್ನ ಉಣ್ಣುತ್ತಿದ್ದೇನೆ. ನೀನು ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಿಜ ಹೇಳಿದರೆ ನೌಕರಿ ಹೋಗಬಹುದು. ಹೇಳದಿದ್ದರೆ ನಿನ್ನ ಓಟ ಗೋಡೆಯ ಮೇಲೆ ನನ್ನ ಹೆಸರಿನಲ್ಲೇ ಉಳಿಯುತ್ತದೆ. ಏನು ಮಾಡಲಿ ಎಂದು ನೀನೇ ಬರೆ. ನಿನ್ನ ಉತ್ತರ ಬರುವ ತನಕ ಕಾಯುತ್ತೇನೆ. ಮಾಮಾ ಅವರಿಗೆ ಶರಣು ಹೇಳು.

ನಿನ್ನ ತಂಗಿ,
ವಿಜಯಶ್ರೀ

ತಾ.ಕ.: ಕಾಯುತ್ತೇನೆ ಎಂದು ಬರೆದದ್ದು ಸುಳ್ಳು. ಎಲ್ಲವನ್ನೂ ಬರೆದು, ಸಹಿ ಮಾಡಿ, ನಿನ್ನೆಯೇ ಋಷಿಕೇಶನ ಕೈಗೆ ಕೊಟ್ಟಿದ್ದೇನೆ. ನಿನ್ನನ್ನು ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಅವನು ಎರಡು ಸಲ ಓದಿ, “ಹಂಗಾದ್ರ ಆ ಅಕ್ಕಾರು ಬರ್ತಾರೇನ್ರೀ?” ಎಂದ. ಬರುತ್ತಾಳೆ ಎಂದಿದ್ದೇನೆ. ನಾನು ಹಿಂದೆ ಎಲ್ಲಾದರೂ ಕೂತಿರುತ್ತೇನೆ. ‘ಚಂಪಾಬಾಯಿ’ ಎಂದು ಕೂಗಿದಾಗ ನೀನೇ ಏಳಬೇಕು.